ಲೆಕ್ಕ ನನ್ನದು, ಚಪ್ಪಾಳೆ ಅವರದು: ಮಾತಿನ ವರಸೆ ಕಲಿಯಬೇಕೇ, ಬೇಡವೇ?

ಮೂರನೇ ಮಹಡಿ

ಎಲ್ಲರಿಗೂ ನಮಸ್ಕಾರ. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ನಮ್ಮಲ್ಲಿ ಮಳೆನೀರು ಕೊಯ್ಲಿನ ವ್ಯವಸ್ಥೆ ಕೆಟ್ಟು ಮೂರು ವರ್ಷವಾಯಿತು. ಚಾವಣಿಯ ಕೊಳವೆಗಳು ಒಣ ಎಲೆಯಿಂದ ಕಟ್ಟಿವೆ, ಸೋಸುವ ತೊಟ್ಟಿಯ ಮರಳು ಕೆಸರಾಗಿದೆ, ಆಟದ ಅಂಗಳದ ಮೂಲೆಯ ಇಂಗುಗುಂಡಿಯಲ್ಲಿ ಹೂಳು ತುಂಬಿದೆ. ದುರಸ್ತಿ ಮಾಡಿಸೋಣ ಎಂದು ಕೇಳಲು ಕಳೆದ ಭಾನುವಾರ ಸಂಘದ ಸಭೆಗೆ ಹೋಗಿದ್ದೆ. ಹದಿನೈದು ದಿನ ಕುಳಿತು ಲೆಕ್ಕ ಹಾಕಿದ್ದೆ. ಚಾವಣಿ 8,000 ಚದರ ಅಡಿ, ಬೆಂಗಳೂರಿನ ವರ್ಷದ ಮಳೆ ಸರಾಸರಿ 970 ಮಿಲಿಮೀಟರ್‌ ಆಸುಪಾಸು, ಬೀಳುವ ನೀರು 7 ಲಕ್ಷ ಲೀಟರ್‌ಗೂ ಹೆಚ್ಚು. ಇಪ್ಪತ್ತು ನಿಮಿಷ ಮಾತನಾಡಿದೆ.

ಆಮೇಲೆ ಹಿರಿಯರೊಬ್ಬರು ಎದ್ದರು. ಮಾತನಾಡಿದ್ದು ಎರಡೇ ನಿಮಿಷ. "ನಮ್ಮ ಮಕ್ಕಳಿಗೆ ಆಟದ ಅಂಗಳ ಬೇಕೋ, ಗುಂಡಿ ಬೇಕೋ?" ಎಂದು ಕೇಳಿ ಸುಮ್ಮನೆ ನಿಂತರು. ಇಡೀ ಸಭೆ ಅವರ ಮುಖ ನೋಡಿತು. "ಮಳೆಗಾಲ ಎಲ್ಲಿದೆ? ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಬೇಡ" ಎಂದರು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಮರುದಿನ ಲಿಫ್ಟಿನ ಪಕ್ಕ ಒಂದು ಸೂಚನೆ ಅಂಟಿಸಿದ್ದರು: "ಇಂಗುಗುಂಡಿಯ ಕಾಮಗಾರಿಯನ್ನು ಮುಂದೂಡಲಾಗಿದೆ."

ನನ್ನ ಒತ್ತಾಯಕ್ಕೆ ಈ ಭಾನುವಾರ ಇನ್ನೊಮ್ಮೆ ಸಭೆ ಕರೆದಿದ್ದಾರೆ. ನಾನೂ ಇಂಥ ವರಸೆಗಳನ್ನು ಕಲಿತು ಹೋಗಬೇಕೇ? ಕಲಿತರೆ ಅದು ಜನರಿಗೆ ಮಾಡುವ ಮೋಸವಲ್ಲವೇ? ಎರಡು ದಿನದಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ.

ಕತ್ರಿಗುಪ್ಪೆ ಓದುಗ

ಅಂಗಳ ಬೇಕೋ ಗುಂಡಿ ಬೇಕೋ ಎನ್ನುವುದು ಸುಳ್ಳು ಆಯ್ಕೆ. ಇಂಗುಗುಂಡಿಗೆ ಮುಚ್ಚಳವಿರುತ್ತದೆ, ಅಂಗಳ ಎಲ್ಲಿಗೂ ಹೋಗುವುದಿಲ್ಲ. "ಎರಡೂ ಬೇಕು" ಎಂದು ಅಲ್ಲೇ ಹೇಳಬೇಕಿತ್ತು.

ಮೂರನೇ ಮಹಡಿ

ಹೇಳಿದೆ. ಚಪ್ಪಾಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ನೇರಮಾತು

ಕಲಿಯಬೇಡಿ ಮೇಡಂ. ಅಲಂಕಾರ ಕಾವ್ಯಕ್ಕೆ ಸರಿ, ನೀರಿನ ವಿಷಯಕ್ಕೆ ಏಕೆ? ನಿಮ್ಮ ಲೆಕ್ಕ ಸರಿಯಿದ್ದರೆ ಅದನ್ನೇ ಮತ್ತೆ ಹೇಳಿ, ಮೂರನೆಯ ಸಲವೂ ಹೇಳಿ. ಮಾತಿನ ಜಾಣತನದಿಂದ ಒಪ್ಪಿಸಿದ ಜನ ಇನ್ನೊಬ್ಬ ಜಾಣ ಬಂದ ದಿನ ಅವನ ಕಡೆಗೆ ಹೋಗುತ್ತಾರೆ. ಈ ಊರಿನಲ್ಲಿ ಚುನಾವಣೆ ಬಂದಾಗಲೆಲ್ಲ ಅದನ್ನೇ ನೋಡುತ್ತಿದ್ದೇವಲ್ಲ.

ನಿವೃತ್ತ ಕನ್ನಡ ಮೇಷ್ಟರು

ನೇರಮಾತು ಅವರೇ, "ಅಲಂಕಾರ ಏಕೆ?" ಎಂದು ನೀವು ಕೇಳಿದ್ದು ಉತ್ತರಕ್ಕಾಗಿ ಅಲ್ಲ. ಪ್ರಶ್ನೆಯ ರೂಪದಲ್ಲಿ ತೀರ್ಪು ಕೊಟ್ಟಿದ್ದೀರಿ. ಆ ಹಿರಿಯರು ಸಭೆಯಲ್ಲಿ ಮಾಡಿದ್ದೂ ಅದನ್ನೇ. ಇದನ್ನು ತಪ್ಪು ಎಂದು ಹೇಳುತ್ತಿಲ್ಲ. ಇದಿಲ್ಲದೆ ಬಾಯಿ ತೆರೆಯುವುದಕ್ಕೇ ಆಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ 9ನೆಯ ಶತಮಾನದ ಕವಿರಾಜಮಾರ್ಗ. ಅದು ಕಥೆಯಲ್ಲ, ಪುರಾಣವಲ್ಲ, ಹೇಗೆ ಹೇಳಬೇಕು ಎಂಬುದನ್ನು ಕುರಿತ ಗ್ರಂಥ. ಅದರಲ್ಲಿ ಮೂರು ಪರಿಚ್ಛೇದಗಳು. ಮೊದಲನೆಯದು ದೋಷಗಳ ವಿಚಾರ. ಶಬ್ದಾಲಂಕಾರ, ಅರ್ಥಾಲಂಕಾರಗಳ ಸರದಿ ಆಮೇಲೆ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಈ ಕ್ರಮ ಬಹಳ ಇಷ್ಟ. ಎಲ್ಲಿ ಕೆಡುತ್ತದೆ ಎಂದು ತಿಳಿದವನ ಕೈಯಲ್ಲಿ ಮಾತ್ರ ಒಡವೆ ಇರಬೇಕು.

ಇನ್ನು ಆ ಗಾದೆ. "ಕೂಸು", "ಕುಲಾವಿ" ಎರಡೂ ಕಕಾರದಿಂದ ಶುರುವಾಗುತ್ತವೆ, ಅದಕ್ಕೇ ನಾಲಿಗೆಯಲ್ಲಿ ನಿಲ್ಲುತ್ತದೆ. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂಬ ಮಾತನ್ನೇ ತೆಗೆದುಕೊಳ್ಳಿ. ವೇದ, ಗಾದೆ: ಎರಡನೆಯ ಅಕ್ಷರ ಎರಡರಲ್ಲೂ ದಕಾರ. ನಮ್ಮ ಹಳೆಯ ಕವಿಗಳು ಪದ್ಯದ ಸಾಲುಸಾಲಿಗೂ ಪಾಲಿಸಿದ ಪ್ರಾಸ ಇದೇ, ಎರಡನೆಯ ಅಕ್ಷರದ್ದು. ಕಿವಿ ಒಪ್ಪಿಬಿಟ್ಟರೆ ಬುದ್ಧಿ ಮರುಪ್ರಶ್ನೆ ಕೇಳುವುದು ಕಡಿಮೆ. ಗಾದೆಯ ಬಲ ಅಲ್ಲಿದೆ, ಅಪಾಯವೂ ಅಲ್ಲೇ ಇದೆ. ತಂಗಿ, ಅದಕ್ಕೆ ಉತ್ತರವೂ ಗಾದೆಯಲ್ಲೇ ಇದೆ: "ಬಾಯಾರಿದಾಗ ಬಾವಿ ತೋಡಿದರಂತೆ." ನಿಮ್ಮ ವಿಷಯ ಬಾವಿಯದೇ ಆದ್ದರಿಂದ ಇನ್ನೂ ಚೆನ್ನಾಗಿ ಹೊಂದುತ್ತದೆ.

ಕತ್ರಿಗುಪ್ಪೆ ಓದುಗ

ಮೇಷ್ಟರೇ, ಹೀಗೆ ಗಾದೆಯಿಂದ ಮಾತನ್ನು ಸಮರ್ಥಿಸುವುದನ್ನು ಅರ್ಥಾಂತರನ್ಯಾಸ ಎನ್ನುತ್ತಾರಲ್ಲವೇ? ಹತ್ತನೇ ತರಗತಿಯಲ್ಲಿ ಓದಿದ ನೆನಪು.

ನಿವೃತ್ತ ಕನ್ನಡ ಮೇಷ್ಟರು

ಎಲ್ಲ ಗಾದೆಗೂ ಅಲ್ಲ. ಸಾಮಾನ್ಯದಿಂದ ವಿಶೇಷವನ್ನೋ ವಿಶೇಷದಿಂದ ಸಾಮಾನ್ಯವನ್ನೋ ಸಮರ್ಥಿಸಿದರೆ ಅರ್ಥಾಂತರನ್ಯಾಸ. "ಅವನು ಹತ್ತು ವರ್ಷ ಕಾದು ಮನೆ ಕಟ್ಟಿದ, ತಾಳಿದವನು ಬಾಳಿಯಾನು" ಎಂದರೆ ಅದು ಅರ್ಥಾಂತರನ್ಯಾಸ. ಮಳೆಗೆ ಮೊದಲು ಗುಂಡಿ, ಕೂಸಿಗೆ ಮೊದಲು ಕುಲಾವಿ ಎಂದಾಗ ಎರಡೂ ವಿಶೇಷಗಳೇ, ಒಂದು ಇನ್ನೊಂದರ ಪ್ರತಿಬಿಂಬ. ಅದು ದೃಷ್ಟಾಂತ. ಆದ್ದರಿಂದಲೇ ಅದನ್ನು ಮುರಿಯುವುದು ಸುಲಭ. ಬಿಂಬಕ್ಕೂ ಪ್ರತಿಬಿಂಬಕ್ಕೂ ಎಲ್ಲಿ ಹೊಂದುವುದಿಲ್ಲ ಎಂದು ತೋರಿಸಿದರೆ ಸಾಕು. ಕೂಸು ಹುಟ್ಟದೆಯೂ ಇರಬಹುದು. ಬೆಂಗಳೂರಿಗೆ ಮಳೆಗಾಲ ಬಂದೇ ಬರುತ್ತದೆ.

ಬನಶಂಕರಿ ಅಜ್ಜಿಯ ಮೊಮ್ಮಗಳು

ಆ ಕೊನೆಯ ಎರಡು ವಾಕ್ಯಗಳನ್ನು ಬರೆದಿಟ್ಟುಕೊಂಡೆ.

ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ

ನನಗೆ ಎದ್ದು ಕಂಡಿದ್ದು "ನಮ್ಮ ಮಕ್ಕಳಿಗೆ" ಎಂಬಲ್ಲಿನ "ನಮ್ಮ". ತೆಲುಗಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ "ಮನಂ", ಬಿಟ್ಟು ಹೇಳಿದರೆ "ಮೇಮು". ತಮಿಳಿನಲ್ಲೂ "ನಾಮ್", "ನಾಂಗಳ್" ಎಂದು ಎರಡಿವೆ. ಹೇಳುವವನು ನಿಮ್ಮನ್ನು ಒಳಗೆ ಕರೆದನೋ ಹೊರಗೆ ನಿಲ್ಲಿಸಿದನೋ ಬಾಯಿ ತೆರೆದ ಕೂಡಲೇ ಗೊತ್ತಾಗುತ್ತದೆ. ಇಂದಿನ ಕನ್ನಡದಲ್ಲಿ "ನಾವು" ಒಂದೇ. "ನಾವು ತೀರ್ಮಾನಿಸಿದ್ದೇವೆ" ಎಂದು ಐದು ಜನರ ಸಮಿತಿ ಹೇಳಿದರೆ ಇಡೀ ಕಟ್ಟಡವೇ ಹೇಳಿದಂತೆ ಕೇಳಿಸುತ್ತದೆ. ಸಭೆಯಲ್ಲಿ ಯಾರಾದರೂ "ನಾವು" ಎಂದಾಗ ನನ್ನ ಮನಸ್ಸು ತಾನಾಗಿಯೇ ಅದನ್ನು ತೆಲುಗಿಗೆ ತಿರುಗಿಸಿ ನೋಡುತ್ತದೆ.

ಕಚೇರಿ ಕಡತ

ಅದಕ್ಕಿಂತ ದೊಡ್ಡದು ಆ ಸೂಚನೆಯ "ಮುಂದೂಡಲಾಗಿದೆ". ಯಾರು ಮುಂದೂಡಿದರು? ಆ ಕ್ರಿಯಾಪದದಲ್ಲಿ ಮನುಷ್ಯರೇ ಇಲ್ಲ. ನಾನು ಇಪ್ಪತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದವನು. "ಪರಿಶೀಲಿಸಲಾಗುವುದು", "ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದ ಕೈ ಇದು. ಹಾಗೆ ಬರೆದಾಗ ಯಾರ ಮೇಲೂ ಹೊಣೆ ಬೀಳುವುದಿಲ್ಲ, ಓದುವವನಿಗೆ ಯಾರನ್ನು ಕೇಳಬೇಕೆಂದೂ ತಿಳಿಯುವುದಿಲ್ಲ. ಅಲಂಕಾರ ಎಂದರೆ ಉಪಮೆ, ರೂಪಕ ಎಂದುಕೊಳ್ಳುತ್ತೇವೆ. ಬಣ್ಣವೇ ಇಲ್ಲದ ಇಂಥ ವಾಕ್ಯ ಜನರನ್ನು ಅವೆಲ್ಲಕ್ಕಿಂತ ಹೆಚ್ಚು ಸುಮ್ಮನಾಗಿಸಿದೆ. ಸಭೆಯಲ್ಲಿ ಮೊದಲು ಅದನ್ನು ಕೇಳಿ: ಮುಂದೂಡಿದವರು ಯಾರು, ಯಾವ ದಿನಾಂಕಕ್ಕೆ?

ನೇರಮಾತು

ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಮೇಷ್ಟರ "ಗಾದೆಗೆ ಗಾದೆ" ಸಲಹೆಯನ್ನು ಒಪ್ಪುವುದಿಲ್ಲ. ಎರಡು ಗಾದೆ ಡಿಕ್ಕಿ ಹೊಡೆದರೆ ಸಭೆಗೆ ಮನರಂಜನೆ ಸಿಗುತ್ತದೆ, ಗುಂಡಿಯ ಹೂಳು ಹಾಗೆಯೇ ಇರುತ್ತದೆ.

ಗಾಂಧಿ ಬಜಾರಿನ ಹಳೆಯ ಗಿರಾಕಿ

ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಕ್ಷಮಿಸಿ. ಒಪ್ಪಿಸುವ ಕಲೆ ನೋಡಬೇಕೆಂದರೆ ಬೆಳಿಗ್ಗೆ ಏಳು ಗಂಟೆಗೆ ಗಾಂಧಿ ಬಜಾರಿನ ಹೂವಿನ ಸಾಲಿಗೆ ಬನ್ನಿ. ನಾನು ಖಾಯಂ ಆಗಿ ಹೂ ತೆಗೆದುಕೊಳ್ಳುವ ಅಮ್ಮ "ಬೋಣಿ ಅಣ್ಣ, ಇಲ್ಲ ಎನ್ನಬೇಡಿ" ಎನ್ನುತ್ತಾರೆ. ಅಷ್ಟೇ, ನನ್ನ ಕಾಲು ನಿಂತುಬಿಡುತ್ತದೆ. ದಿನದ ಮೊದಲ ವ್ಯಾಪಾರ ನನ್ನಿಂದ ಕೆಡಬಾರದು ಎಂಬ ಭಾವನೆ. ಮಲ್ಲಿಗೆ ಅಳೆಯುವಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ, ಎರಡು ಮೊಳ, ಆಮೇಲೆ ನನ್ನ ಕಣ್ಣೆದುರೇ ಇನ್ನು ನಾಲ್ಕು ಬೆರಳು ಉದ್ದ ಬಿಟ್ಟು ದಾರ ಕತ್ತರಿಸುತ್ತಾರೆ. ಅದು ಕೊಸರು. ಕೊಸರು ಪಡೆದವನು ನಾಳೆ ಪಕ್ಕದ ಬುಟ್ಟಿಗೆ ಹೋಗುವುದಿಲ್ಲ. ಇದರಲ್ಲಿ ಸುಳ್ಳು ಎಲ್ಲಿದೆ? ನಿಜವಾಗಿಯೂ ಬೋಣಿಯೇ, ನಿಜವಾಗಿಯೂ ನಾಲ್ಕು ಬೆರಳು ಹೆಚ್ಚು.

ಬನಶಂಕರಿ ಅಜ್ಜಿಯ ಮೊಮ್ಮಗಳು

ಒಂಬತ್ತು ಗಂಟೆಗೆ ಹೋದ ನನಗೂ "ಬೋಣಿ" ಎಂದವರಿದ್ದಾರೆ ಸರ್. ಅದು ಸುಳ್ಳೇ.

ಗಾಂಧಿ ಬಜಾರಿನ ಹಳೆಯ ಗಿರಾಕಿ

ಹಾಗಿದ್ದರೆ ತಪ್ಪಿರುವುದು ಒಂಬತ್ತು ಗಂಟೆಯಲ್ಲಿ, ಬೋಣಿ ಎಂಬ ಮಾತಿನಲ್ಲಲ್ಲ.

ಬೇರೆ ಬಡಾವಣೆಯ ಕಾರ್ಯದರ್ಶಿ

ನಾನು ಇನ್ನೊಂದು ಸಂಘದಲ್ಲಿ ಆರು ವರ್ಷ ಕಾರ್ಯದರ್ಶಿಯಾಗಿದ್ದೆ. ಭಾನುವಾರ ಬೆಳಿಗ್ಗೆ ಇಪ್ಪತ್ತು ನಿಮಿಷ ಬಹಳ ಹೆಚ್ಚು ಮೇಡಂ. ಒಲೆಯ ಮೇಲೆ ಕುಕ್ಕರ್ ಇಟ್ಟು ಬಂದಿರುತ್ತಾರೆ. "7 ಲಕ್ಷ ಲೀಟರ್" ಯಾರ ಕಣ್ಣಿಗೂ ಕಾಣುವುದಿಲ್ಲ, ಟ್ಯಾಂಕರ್ ಕಾಣುತ್ತದೆ. 2024ರ ಬೇಸಿಗೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬಂದ ಟ್ಯಾಂಕರಿನ ಸದ್ದು ನಿಮ್ಮ ಕಟ್ಟಡದ ಪ್ರತಿಯೊಬ್ಬರ ಕಿವಿಯಲ್ಲೂ ಇನ್ನೂ ಇದೆ. ಲೀಟರ್ ಬಿಟ್ಟು ಟ್ಯಾಂಕರಿನಲ್ಲಿ ಹೇಳಿ.

1930ರಲ್ಲಿ ಗಾಂಧೀಜಿ ಮಾಡಿದ್ದೂ ಅದೇ. ಸ್ವರಾಜ್ಯ ಎಂದರೆ ಹಳ್ಳಿಯವನಿಗೆ ದೂರದ ಮಾತು. ಉಪ್ಪು ಅವನ ತಟ್ಟೆಯಲ್ಲೇ ಇತ್ತು. ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು ಏಪ್ರಿಲ್ 6ರಂದು ದಂಡಿಯಲ್ಲಿ ಒಂದು ಹಿಡಿ ಎತ್ತಿದರು. ನಮ್ಮ ಅಂಕೋಲೆಯಲ್ಲೂ ಜನ ಉಪ್ಪು ಮಾಡಲು ಇಳಿದರು. ಯಾವ ಅಂಕಿ ಅಂಶಕ್ಕೂ ಆ ಹಿಡಿಯ ತೂಕ ಬರುತ್ತಿರಲಿಲ್ಲ.

ಕೊಳಾಯಿ ಕೆಲಸ ಬಲ್ಲವ

ಟ್ಯಾಂಕರ್ ಲೆಕ್ಕ ಹೇಳುವ ಮುನ್ನ ಎಚ್ಚರಿಕೆ. 8,000 ಚದರ ಅಡಿ ಎಂದರೆ 743 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ 7.2 ಲಕ್ಷ ಸರಿ. ಆದರೆ ಅದು ಬೀಳುವ ನೀರು, ಸಿಗುವ ನೀರಲ್ಲ. ಆವಿಯಾಗುವುದು, ಸೋರುವುದು, ಮೊದಲ ಮಳೆಯ ಕೊಳೆಯೆಂದು ಹೊರಬಿಡುವುದು ಎಂದು ಐದರಲ್ಲಿ ಒಂದು ಭಾಗ ಕಳೆಯಿರಿ. 5.76 ಲಕ್ಷ ಉಳಿಯುತ್ತದೆ. 6,000 ಲೀಟರಿನ ಟ್ಯಾಂಕರ್ ಆದರೆ 96. "ವರ್ಷಕ್ಕೆ 96 ಟ್ಯಾಂಕರ್ ಉಳಿತಾಯ" ಎಂದು ಕೂಗಿದಿರೋ ನಿಮ್ಮ ಎದುರಾಳಿ ಅಲ್ಲೇ ಹಿಡಿಯುತ್ತಾರೆ. ಮಳೆ ಹಂಚಿಕೊಂಡು ಬೀಳುವುದಿಲ್ಲ, ಮುಕ್ಕಾಲು ಪಾಲಿಗಿಂತ ಹೆಚ್ಚು ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಸುರಿದುಬಿಡುತ್ತದೆ. ಸಂಪು ಎಷ್ಟು ದೊಡ್ಡದು? ತುಂಬಿದ ಮೇಲೆ ಮಿಕ್ಕಿದ್ದು ಇಂಗುಗುಂಡಿಗೆ ಹೋಗುತ್ತದೆ. ಅದು ನೆಲಕ್ಕೆ ಲಾಭ, ಕೊಳವೆಬಾವಿಗೆ ಲಾಭ, ಆದರೆ ಮುಂದಿನ ತಿಂಗಳ ಬಿಲ್ಲಿನಲ್ಲಿ ಕಾಣುವುದಿಲ್ಲ.

ಹೀಗೆ ಹೇಳಿ: "30 ಮಿಲಿಮೀಟರಿನ ಒಂದು ಜೋರು ಮಳೆ ಬಂದ ದಿನ ನಮ್ಮ ಚಾವಣಿಯಿಂದ ಸುಮಾರು ಮೂರು ಟ್ಯಾಂಕರ್ ನೀರು ಚರಂಡಿಗೆ ಹೋಗುತ್ತಿದೆ." ಅದನ್ನು ಯಾರೂ ಅಲ್ಲಗಳೆಯುವುದಕ್ಕಾಗುವುದಿಲ್ಲ.

ಮೂರನೇ ಮಹಡಿ

ಸಂಪು 20,000 ಲೀಟರಿನದು. ಆ ಮೂರು ಟ್ಯಾಂಕರ್ ಸಾಲನ್ನು ತೆಗೆದುಕೊಂಡೆ. ಕಳೆದ ಸಲ ನಾನು 7 ಲಕ್ಷವನ್ನೂ ಉಳಿತಾಯ ಎಂಬಂತೆ ಹೇಳಿಬಿಟ್ಟಿದ್ದೆ. ಅದು ತಪ್ಪು, ಈ ಸಲ ತಿದ್ದುತ್ತೇನೆ.

ಕೋಣನಕುಂಟೆ ನಿವಾಸಿ

ಇಷ್ಟೆಲ್ಲ ಏಕೆ? 2009ರ ತಿದ್ದುಪಡಿಯ ನಂತರ ಜಲಮಂಡಳಿಯ ಕಾಯ್ದೆಯಲ್ಲಿ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ದಂಡ ಬೀಳುತ್ತದೆ ಎಂದು ಹೇಳಿ, ಎಲ್ಲರೂ ಕೈ ಎತ್ತುತ್ತಾರೆ.

ಬೇರೆ ಬಡಾವಣೆಯ ಕಾರ್ಯದರ್ಶಿ

ಸಾಮ, ದಾನ, ಭೇದ, ದಂಡ ಎಂಬ ಕ್ರಮ ಸುಮ್ಮನೆ ಬಂದದ್ದಲ್ಲ ಸರ್. ನೆರೆಹೊರೆಯವರ ಮೇಲೆ ಮೊದಲೇ ದಂಡ ಹಿಡಿದರೆ ಮುಂದಿನ ಹತ್ತು ವರ್ಷ ಅದೇ ಲಿಫ್ಟಿನಲ್ಲಿ ಹೇಗೆ ಓಡಾಡುತ್ತಾರೆ? ಕಾಯ್ದೆಯನ್ನು ಒಂದು ವಾಕ್ಯದಲ್ಲಿ ತಿಳಿಸಲಿ, ಬೆದರಿಕೆಯಾಗಿ ಬೇಡ.

ತರ್ಕಶಾಸ್ತ್ರದ ವಿದ್ಯಾರ್ಥಿನಿ

ಅರಿಸ್ಟಾಟಲ್ ಹೇಳಿದ ಮೂರು ಬಲಗಳನ್ನು ಯಾರಾದರೂ ತರುತ್ತಾರೆ ಎಂದು ಕಾಯುತ್ತಿದ್ದೆ: ಹೇಳುವವನ ನಡತೆ, ಕೇಳುವವನ ಭಾವನೆ, ಮಾತಿನೊಳಗಿನ ತರ್ಕ. ಅದು ಎಲ್ಲರಿಗೂ ಗೊತ್ತಿರುವುದು, ಬಿಡಿ. ನಮ್ಮ ನ್ಯಾಯದರ್ಶನದ್ದು, ಅಂದರೆ ಹಳೆಯ ಭಾರತೀಯ ತರ್ಕಶಾಸ್ತ್ರದ್ದು, ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಲ್ಲಿ ವಾದಕ್ಕೆ ಐದು ಅಂಗ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ. ಏಕೆಂದರೆ ಹೊಗೆ ಇದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿರುವಂತೆ. ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. ಆ ಅಡುಗೆಮನೆಯನ್ನು ಗಮನಿಸಿ. ಕೇಳುವವನು ದಿನವೂ ನೋಡುವ ಒಂದು ಜಾಗವನ್ನು ತೋರಿಸದಿದ್ದರೆ ವಾದವೇ ಪೂರ್ತಿಯಾಗುವುದಿಲ್ಲ. ಉದಾಹರಣೆ ಅಲ್ಲಿ ಒಡವೆಯಲ್ಲ, ಅಂಗ.

ಇನ್ನೊಂದು ಮಾತು. ಚರ್ಚೆಯಲ್ಲೂ ಮೂರು ಬಗೆ ಹೇಳಿದ್ದಾರೆ. ನಿಜ ತಿಳಿಯಲು ಆಡುವುದು ವಾದ, ಗೆಲ್ಲಲು ಆಡುವುದು ಜಲ್ಪ, ತನ್ನದೆಂದು ಏನನ್ನೂ ಹೇಳದೆ ಎದುರಿನದನ್ನು ಕೆಡವುವುದೊಂದೇ ಕೆಲಸವಾದರೆ ಅದು ವಿತಂಡ. ಒಂದೇ ಗಾದೆ, ಒಂದೇ ಪ್ರಶ್ನೆ ಮೂರರಲ್ಲೂ ಬರಬಹುದು. ನೇರಮಾತು ಅವರ ಸಿಟ್ಟು ವಿತಂಡದ ಮೇಲೆ ಇರಲಿ, ಗಾದೆಯ ಮೇಲೆ ಬೇಡ.

ನೇರಮಾತು

ಯೋಚಿಸುತ್ತೇನೆ. ಅಡುಗೆಮನೆಯ ಮಾತು ಚೆನ್ನಾಗಿದೆ.

ತಾಳಮದ್ದಳೆ ಪ್ರಿಯ

ನನ್ನ ಊರು ಉಡುಪಿ ಕಡೆ, ಬೆಂಗಳೂರಿಗೆ ಬಂದು ಹದಿನೆಂಟು ವರ್ಷ. ಇಲ್ಲಿ ಎಲ್ಲಿ ತಾಳಮದ್ದಳೆ ಇದ್ದರೂ ಹೋಗುತ್ತೇನೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ವಾದಿಸುತ್ತಾರೆ. ಬರೆದುಕೊಂಡ ಮಾತಿಲ್ಲ, ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು.

ವಾಲಿವಧೆ ನೋಡಿ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೆ ನಾನು ಮಾಡಿದ ಅಪರಾಧವೇನು? ಮರೆಯಲ್ಲಿ ನಿಂತು ಹೊಡೆದೆಯಲ್ಲ, ಎದುರು ಬರಲು ಏನು ತಡೆಯಿತು? ಒಳ್ಳೆಯ ಅರ್ಥಧಾರಿ ಈ ಪ್ರಶ್ನೆ ಕೇಳಿದಾಗ ಸಭೆ ರಾಮನ ಭಕ್ತರಿಂದಲೇ ತುಂಬಿದ್ದರೂ ಒಂದು ಕ್ಷಣ ವಾಲಿಯ ಕಡೆ ಆಗಿಬಿಡುತ್ತದೆ. ಮುಂದಿನ ವಾರ ಅದೇ ಕಲಾವಿದರು ರಾಮನಾಗಿ ಕುಳಿತು ವಾಲಿಗೆ ಉತ್ತರ ಕೊಡುತ್ತಾರೆ. ಎರಡೂ ಕಡೆ ಕುಳಿತವರಿಗೆ ಎದುರಿನ ಮಾತಿನ ಯಾವ ಎಳೆ ಗಟ್ಟಿ, ಯಾವುದು ಸಡಿಲ ಎಂದು ಕೈಗೆ ಗೊತ್ತಿರುತ್ತದೆ.

ಅಕ್ಕ, ನಿಮಗೆ ನಾನು ಹೇಳುವುದು ಇಷ್ಟೇ. ಭಾನುವಾರಕ್ಕೆ ಮೊದಲು ಮನೆಯಲ್ಲಿ ಯಾರನ್ನಾದರೂ ಆ ಹಿರಿಯರ ಪಾತ್ರದಲ್ಲಿ ಕೂರಿಸಿ. ಸುಮ್ಮನೆ ಸೋಲುವ ಪಾತ್ರ ಬೇಡ, ಗೆಲ್ಲಲು ಬಿಡಿ.

ತರ್ಕಶಾಸ್ತ್ರದ ವಿದ್ಯಾರ್ಥಿನಿ

ಇದನ್ನೇ ಶಾಸ್ತ್ರಗ್ರಂಥಗಳು ಪೂರ್ವಪಕ್ಷ ಎನ್ನುತ್ತವೆ. ಮೊದಲು ಎದುರಾಳಿಯ ಮಾತನ್ನು ಅವನೇ ಒಪ್ಪುವಷ್ಟು ಚೆನ್ನಾಗಿ ಹೇಳಬೇಕು, ಸಿದ್ಧಾಂತ ಆಮೇಲೆ.

ಕೋಣನಕುಂಟೆ ನಿವಾಸಿ

ಎದುರಿನವರ ಮಾತನ್ನು ನಾವೇ ಹೇಳಿದರೆ ಅವರಿಗೇ ಬಲ ಬರುವುದಿಲ್ಲವೇ?

ತಾಳಮದ್ದಳೆ ಪ್ರಿಯ

ಬರಲಿ. ಆ ಬಲಕ್ಕೂ ನಿಲ್ಲುವ ಉತ್ತರ ಇದ್ದರೆ ಮಾತ್ರ ಎದ್ದು ನಿಲ್ಲಬೇಕು.

ಮೂರನೇ ಮಹಡಿ

ಶನಿವಾರ ರಾತ್ರಿ ಬರೆಯುತ್ತಿದ್ದೇನೆ. ಸಂಜೆ ನಮ್ಮ ಅತ್ತೆಯವರನ್ನು ಎದುರಿಗೆ ಕೂರಿಸಿಕೊಂಡೆ. ಪ್ರತಿ ಸಂಜೆ ಅಂಗಳದ ಬೆಂಚಿನ ಮೇಲೆ ಕುಳಿತುಕೊಳ್ಳುವವರು ಅವರು. ನಾನು ಟ್ಯಾಂಕರ್ ಲೆಕ್ಕ ಹೇಳಿ ಮುಗಿಸಿದೆ. ಅವರು ಕೇಳಿದರು: "ಎಲ್ಲಾ ಸರಿಯಮ್ಮ. ಆ ಗುಂಡಿಯ ಮುಚ್ಚಳ ಬಿರುಕು ಬಿಟ್ಟಿದೆಯಲ್ಲ, ಮಗು ಅದರ ಮೇಲೆ ಕುಣಿದರೆ ಏನು ಗತಿ?"

ನನ್ನ ಬಳಿ ಉತ್ತರವಿರಲಿಲ್ಲ. ಟಾರ್ಚ್ ಹಿಡಿದು ಕೆಳಗೆ ಹೋದೆ. ಕಾಂಕ್ರೀಟಿನ ಚಪ್ಪಡಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸೀಳಿದೆ. ಎತ್ತುವ ಕಬ್ಬಿಣದ ಬಳೆ ತುಕ್ಕು ಹಿಡಿದು ಅರ್ಧ ಉದುರಿದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದಿದ್ದಾರೆ. ಬಿರುಕು ನಾಲ್ಕನೆಯ ಮನೆಯ ನಡುವೆ ಹಾದುಹೋಗುತ್ತದೆ. ಹದಿನೈದು ದಿನ ಮಳೆಯ ಲೆಕ್ಕ ಹಾಕಿದ ನಾನು ಒಮ್ಮೆಯೂ ಅಲ್ಲಿಗೆ ಹೋಗಿ ನೋಡಿರಲಿಲ್ಲ.

ಆ ಹಿರಿಯರ ಇಬ್ಬರು ಮೊಮ್ಮಕ್ಕಳು ಅಲ್ಲೇ ಆಡುತ್ತಾರೆ.

ಮೊದಲು ಬರೆದಿದ್ದನ್ನೆಲ್ಲ ಪಕ್ಕಕ್ಕಿಟ್ಟೆ. ನಾಳೆ ಹೀಗೆ ಶುರು ಮಾಡುತ್ತೇನೆ: "ಕಳೆದ ಸಭೆಯಲ್ಲಿ ಮಕ್ಕಳ ಬಗ್ಗೆ ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆ. ಗುಂಡಿಯ ಮುಚ್ಚಳ ಒಡೆದಿದೆ. ಅದರ ಮೇಲೆ ಮಕ್ಕಳು ಕುಂಟೆಬಿಲ್ಲೆ ಬರೆದಿದ್ದಾರೆ. ದಯವಿಟ್ಟು ಎಲ್ಲರೂ ಎದ್ದು ಬನ್ನಿ, ನೋಡೋಣ." ಹೂಳು, ಮರಳು, ಮೂರು ಟ್ಯಾಂಕರ್ ಎಲ್ಲವನ್ನೂ ಅಲ್ಲೇ ನಿಂತು ಹೇಳುತ್ತೇನೆ.

ಕಚೇರಿ ಕಡತ

"ಮುಂದೂಡಿದವರು ಯಾರು" ಎಂಬ ನನ್ನ ಪ್ರಶ್ನೆಯನ್ನು ಮೊದಲು ಕೇಳಬೇಡಿ. ಎಲ್ಲರೂ ಗುಂಡಿ ನೋಡಿದ ಮೇಲೆ ದಿನಾಂಕವನ್ನಷ್ಟೇ ಕೇಳಿ.

ನೇರಮಾತು

ಇದನ್ನೇ ನಾನು ಮೊದಲಿನಿಂದ ಹೇಳುತ್ತಿದ್ದದ್ದು. ಇದರಲ್ಲಿ ಒಂದೇ ಒಂದು ಅಲಂಕಾರವಿಲ್ಲ, ಇದ್ದದ್ದು ಇದ್ದ ಹಾಗಿದೆ.

ನಿವೃತ್ತ ಕನ್ನಡ ಮೇಷ್ಟರು

ಇದ್ದದ್ದನ್ನು ಇದ್ದ ಹಾಗೆ, ಕಣ್ಣಿಗೆ ಕಟ್ಟುವಂತೆ ಹೇಳುವುದಕ್ಕೆ ಸ್ವಭಾವೋಕ್ತಿ ಎಂದು ಹೆಸರು. ಸಂಸ್ಕೃತದ ಅಲಂಕಾರಶಾಸ್ತ್ರ ಬರೆದ ದಂಡಿ ಅದನ್ನು ಮೊದಲ ಅಲಂಕಾರವೆಂದ. ಅದೇ ಶಾಸ್ತ್ರದ ಕುಂತಕ ಆಮೇಲೆ ಬಂದು ಅದು ಅಲಂಕಾರವೇ ಅಲ್ಲ, ವಸ್ತುವಿನ ಸ್ವಭಾವವನ್ನೇ ಹೇಳಿದರೆ ಅಲಂಕರಿಸಿದ್ದು ಏನನ್ನು ಎಂದು ಜಗಳ ತೆಗೆದ. ನೀವು ಕುಂತಕನ ಕಡೆ, ನಾನು ದಂಡಿಯ ಕಡೆ. ಬಿಡುವಿದ್ದಾಗ ಮುಂದುವರಿಸೋಣ.

ಕೊಳಾಯಿ ಕೆಲಸ ಬಲ್ಲವ

ದಂಡಿ, ಕುಂತಕ ಆಮೇಲೆ. ಮೇಡಂ, ಆ ಚಪ್ಪಡಿಯನ್ನು ನಾಳೆಯವರೆಗೆ ಹಾಗೆಯೇ ಬಿಡಬೇಡಿ. ಬೆಳಿಗ್ಗೆ ಆರಕ್ಕೇ ಮಕ್ಕಳು ಇಳಿಯುತ್ತಾರೆ. ಸುತ್ತ ಏನಾದರೂ ಅಡ್ಡ ಇಡಿ. ಸಭೆಗೆ ಬಂದವರನ್ನೂ ಅದರ ಮೇಲೆ ನಿಲ್ಲಲು ಬಿಡಬೇಡಿ.

ಮೂರನೇ ಮಹಡಿ

ಈಗಷ್ಟೇ ಹೋಗಿ ಬಂದೆ. ಕಾವಲುಗಾರರೂ ನಾನೂ ಸೇರಿ ನಾಲ್ಕು ಹೂಕುಂಡಗಳನ್ನು ಸುತ್ತ ಇಟ್ಟು, ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದೇವೆ. ಸಭೆ ಹತ್ತು ಗಂಟೆಗೆ.